ಕೆಸರುಗದ್ದೆಯಲ್ಲಿ ಸುಟ್ಟವರು

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ತುರ್ತು ಚಿಕಿತ್ಸೆಯ ಕೋಣೆಯ ರಿಜಿಸ್ಟರಿನಲ್ಲಿ ಸುಟ್ಟ ಗಾಯಕ್ಕೆ ಐದು ಕಾರಣಗಳಿದ್ದವು. ಬೆಂಕಿ, ಬಿಸಿನೀರು, ಕರೆಂಟು, ರಾಸಾಯನಿಕ, ಇತರೆ. ಸೂರ್ಯನಿಗೆ ಅಂತ ಬೇರೆ ಜಾಗ ಇರಲಿಲ್ಲ. ಬಿಸಿಲಿಗೆ ಬೆನ್ನು ಸುಟ್ಟುಕೊಂಡು ಬಂದವರು ಬೈಕಿನ ಸೈಲೆನ್ಸರ್ ತಾಗಿದವರ, ಬಿಸಿ ಡಾಮರು ಬಿದ್ದವರ ನಡುವೆ ಎಲ್ಲೋ ‘ಇತರೆ’ಯಲ್ಲಿ ಸೇರಿಹೋಗುತ್ತಿದ್ದರು. ಬಿಸಿಲಿಗೆ ಬೆಳ್ಳಗಿನ ವಿದೇಶಿಯರ ಮೈ ಸುಡುತ್ತದೆ, ನಮ್ಮದು ಕಪ್ಪಾಗುತ್ತದೆ ಅಷ್ಟೆ ಎಂದು ಜನ ನಂಬಿದ್ದರು. ಆಸ್ಪತ್ರೆಯಲ್ಲೂ ಹೆಚ್ಚಿನವರು ಹಾಗೇ ನಂಬಿದ್ದರು. ಆದ್ದರಿಂದ ಈ ಊರುಗಳಲ್ಲಿ ಎಷ್ಟು ಜನ ಬಿಸಿಲಿಗೆ ಸುಟ್ಟು ಆಸ್ಪತ್ರೆಗೆ ಬಂದರು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ. ಬರೆದಿಡದ ರೋಗ ಸರಕಾರದ ಕಣ್ಣಿಗೆ ರೋಗವೇ ಅಲ್ಲ.

ನಾನು ಕುಂಬ್ರದವನು. ಮನೆಮಾತು ಬ್ಯಾರಿ. ನಮ್ಮ ಮನೆಯ ಗಂಡಸರು ಅಂಗಡಿ ಇಡುತ್ತಿದ್ದರು ಅಥವಾ ಗಲ್ಫಿಗೆ ಹೋಗುತ್ತಿದ್ದರು. ನಾನು ನರ್ಸಿಂಗ್ ಕಲಿತು ಬಂದಾಗ ಮಾವನವರು, ಹೆಂಗಸರ ಕೆಲಸಕ್ಕೆ ಹೋದವನಿಗೆ ಹೆಣ್ಣು ಕೊಡುವುದು ಹೇಗೆ ಎಂದು ಒಂದು ವಾರ ಯೋಚಿಸಿ, ಕೊನೆಗೆ ಸಂಬಳ ಸರಕಾರದ್ದು ಎಂದು ಸಮಾಧಾನ ಮಾಡಿಕೊಂಡರು. ಪುತ್ತೂರು, ಸುಳ್ಯ, ಕಡಬದ ಕಡೆಯ ಆಸ್ಪತ್ರೆಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದೆ. ಇಬ್ರಾಹಿಂ ಎಂಬ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು, ಉಳಿದ ಕಡೆ ನಾನು ‘ಬ್ರದರ್’. ಬಡ್ತಿಯೂ ಸಿಕ್ಕಿತು. ಅದರಿಂದ ಕುರ್ಚಿಗೆ ಕೈ ಬಂತು, ಹೇಳಿಕೊಳ್ಳುವಂಥದ್ದು ಬೇರೇನೂ ಆಗಲಿಲ್ಲ.

ಈಗ ಕೆಲಸಕ್ಕೆ ಸೇರುತ್ತಿರುವ ಮಕ್ಕಳು ಸಿಕ್ಕಿದಾಗ ಸುಟ್ಟ ಗಾಯಕ್ಕೆ ಆಗ ಏನು ಹಾಕುತ್ತಿದ್ದಿರಿ ಎಂದು ಕೇಳುತ್ತಾರೆ. ನಾವು ಹಾಕುವುದಕ್ಕಿಂತ ಹೆಚ್ಚು ತೆಗೆಯುತ್ತಿದ್ದೆವು ಎನ್ನುವುದು ನಿಜವಾದ ಉತ್ತರ. ಟೂತ್‌ಪೇಸ್ಟ್, ಕಾಫಿಪುಡಿ, ಶಾಯಿ, ಕೋಳಿಮೊಟ್ಟೆಯ ಬಿಳಿ, ಒಮ್ಮೆ ಬೂಟಿನ ಪಾಲಿಶ್. ಕೊಯಿಲದ ಹತ್ತಿರ ಒಂದು ಕೋಳಿ ಫಾರ್ಮಿನ ಮಾಡಿಗೆ ಶೀಟು ಹೊದಿಸಲು ಹತ್ತಿದ ಒಬ್ಬ ಮೇಸ್ತ್ರಿಯನ್ನು ಜೀಪಿನಲ್ಲಿ ತಂದಿದ್ದರು. ಏಪ್ರಿಲ್ ತಿಂಗಳು, ಅಂಗಿ ಬಿಚ್ಚಿ ಕೆಲಸ ಮಾಡಿದ್ದ. ಮೇಲಿನಿಂದ ಸೂರ್ಯ, ಕೆಳಗಿನಿಂದ ಶೀಟು. ಬೆನ್ನಿಡೀ ಬೊಬ್ಬೆ ಎದ್ದಿತ್ತು, ಅದರ ಮೇಲೆ ಒಂದಿಡೀ ಟ್ಯೂಬ್ ಪೇಸ್ಟು ಗೋಡೆಗೆ ಪುಟ್ಟಿ ಹಚ್ಚಿದ ಹಾಗೆ ಹಚ್ಚಿದ್ದರು. ಅದನ್ನು ಬಿಡಿಸಲು ನನಗೆ ಒಂದೂವರೆ ಗಂಟೆ ಬೇಕಾಯಿತು. ಅವನು ನೋವಿಗೆ ಮಂಚದ ಕಂಬಿ ಹಿಡಿದುಕೊಂಡು, ಪೇಸ್ಟಿನ ಕಂಪೆನಿಯನ್ನು ಬೈದ. ಬಿಸಿಲನ್ನು ಬೈಯಲಿಲ್ಲ.

ನಮ್ಮ ಕ್ರಮವೂ ಅಂಥ ದೊಡ್ಡದೇನಲ್ಲ. ಮೊದಲು ನೇರಳೆ ಬಣ್ಣದ ನೀರು ಬಳಿಯುತ್ತಿದ್ದೆವು, ಗಾಯದ ಬದಲು ಬಣ್ಣ ಕಾಣುತ್ತಿತ್ತು. ಆಮೇಲೆ ಬಿಳಿ ಮುಲಾಮು ಬಂತು, ಅದನ್ನು ದೋಸೆಗೆ ಬೆಣ್ಣೆ ಸವರಿದಂತೆ ಸವರಿದೆವು. ನಡುವೆ ಕೆಲವು ವರ್ಷ ಐಸ್ ಇಡುವ ಹುಚ್ಚು ಹಿಡಿದಿತ್ತು. ಈಗ ನಳ್ಳಿಯ ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಸಿ, ಬೊಬ್ಬೆ ಒಡೆಯದೆ, ಅಂಟದ ಬಟ್ಟೆ ಮುಚ್ಚಿ, ಕುಡಿಯಲು ನೀರು ಕೊಡಿ ಎನ್ನುತ್ತಾರೆ. ನಳ್ಳಿ ನಾನು ಸೇರಿದ ದಿನವೂ ಅಲ್ಲೇ ಇತ್ತು.

ಬಿಸಿಲಿಗೆ ಸುಟ್ಟವರು ಮೂರನೆಯ ದಿನ ಬರುತ್ತಾರೆ ಎನ್ನುವುದನ್ನು ಮಾತ್ರ ನೆನಪಿಡಿ. ಬೆಂಕಿ ತಾಗಿದವನು ಓಡಿ ಬರುತ್ತಾನೆ. ಬಿಸಿಲು ತಾಗಿದವನಿಗೆ ಆಸ್ಪತ್ರೆಗೆ ಬರಲು ನಾಚಿಕೆ. ಜ್ವರ ಬಂದು, ವಾಂತಿಯಾಗಿ, ಮೂತ್ರ ಕಡಿಮೆಯಾದ ಮೇಲೆ ಮನೆಯವರು ತರುತ್ತಾರೆ. ಆಗಲೂ ಅವನು ತೆಂಗಿನೆಣ್ಣೆ ಹಚ್ಚಿದರೆ ಸಾಕಿತ್ತು ಎಂದು ಹೇಳುತ್ತಿರುತ್ತಾನೆ.

ಇನ್ನು ನನ್ನ ತಪ್ಪುಗಳಿಗೆ ಬರುತ್ತೇನೆ. ಮೊದಲನೆಯದು ಐವರ್ನಾಡಿನ ಕಡೆಯಿಂದ ಬಂದ ಒಬ್ಬ ಹೆಂಗಸಿನದು. ಮುಖ, ಕುತ್ತಿಗೆ ಊದಿ ನೀರುಗುಳ್ಳೆ ಎದ್ದಿತ್ತು. ಕಾಡಿಗೆ ಸೊಪ್ಪಿಗೆ ಹೋದಾಗ ಚೇರು ತಾಗಿದೆ ಎಂದು ಗಂಡ ಹೇಳಿದ. ಚೇರು ಒಂದು ಕಾಡುಮರ, ಅದರ ಸೊನೆ ತಾಗಿದರೆ ಮೈ ಸುಡುತ್ತದೆ. ಅದಕ್ಕೆ ನಮ್ಮ ಕಡೆ ತಾರೆಮರಕ್ಕೆ ಸುತ್ತು ಬಂದು ಕ್ಷಮೆ ಕೇಳುವ ಕ್ರಮ ಉಂಟು. ಅವರು ಆ ಸುತ್ತು ಮುಗಿಸಿಯೇ ಬಂದಿದ್ದರು. ನಾನು ಆಗ ಹೊಸಬ, ತಲೆ ತುಂಬ ಪುಸ್ತಕ. ಮರಕ್ಕೆ ಸುತ್ತು ಬಂದರೆ ಗಾಯ ಗುಣವಾಗುವುದಾದರೆ ನಮಗೆ ಸಂಬಳ ಯಾಕೆ ಕೊಡುತ್ತಾರೆ ಎಂದು ನಕ್ಕು, ಬಿಸಿಲಿನ ಗಾಯ ಎಂದು ಚೀಟಿಯಲ್ಲಿ ಬರೆದೆ. ಆಗಿನ ವೈದ್ಯರು ಬಂದು ನೋಡಿ, ಚೀಟಿ ಹರಿದು, ಇದು ಚೇರೇ ಎಂದರು. ಗಂಡ ಹೆಂಡತಿಯ ಎದುರಿಗೇ ನನ್ನಿಂದ ತಪ್ಪಾಯಿತು ಎಂದು ಹೇಳಿಸಿದರು. ಆ ಹೆಂಗಸು ಊದಿದ ಕಣ್ಣಿನ ಸಂದಿನಿಂದ ನನ್ನನ್ನು ನೋಡಿದ್ದು ಇನ್ನೂ ನೆನಪಿದೆ.

ಆ ಪಾಠವನ್ನು ನಾನು ಅತಿಯಾಗಿ ಕಲಿತೆ. ಅಂದಿನಿಂದ ಯಾರ ಮೈ ಸುಟ್ಟಿದ್ದರೂ ಬಿಸಿಲು ಎಂದು ಬರೆಯುವ ಮೊದಲು ಹತ್ತು ಸಲ ಯೋಚಿಸುತ್ತಿದ್ದೆ. ಜನ ಹೇಳಿದ್ದಕ್ಕೆ ತಲೆಬಾಗುವುದೇ ವಿನಯ ಎಂದುಕೊಂಡೆ. ಎರಡನೆಯ ತಪ್ಪಿಗೆ, ದೊಡ್ಡ ತಪ್ಪಿಗೆ, ಅಲ್ಲಿಂದಲೇ ದಾರಿಯಾಯಿತು. ಅದು ನಡೆದಾಗ ನನ್ನ ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿತ್ತು.

ಕಡಬ ತಾಲೂಕಿನ ಒಂದು ಹಳ್ಳಿಯಲ್ಲಿ ಬೇಬಿಚ್ಚನ್ ಎಂಬವರಿದ್ದಾರೆ. ತಂದೆಯ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ಹಾಕಿದ ಮನೆಯವರು, ವಯಸ್ಸು ಎಪ್ಪತ್ತರ ಹತ್ತಿರ. ಅವರ ಜಾಗದ ತಗ್ಗಿನಲ್ಲಿ ನೀರು ನಿಲ್ಲುವ ಒಂದು ಗದ್ದೆ ಉಂಟು. ಸುತ್ತಲಿನವರು ಗದ್ದೆಗಳಿಗೆ ಮಣ್ಣು ತುಂಬಿಸಿದರೂ ಇವರು ಬಿಟ್ಟಿರಲಿಲ್ಲ. ಊರಿನ ಯುವಕ ಯುವತಿಯರ ಕ್ಲಬ್ಬು ಪ್ರತಿ ವರ್ಷ ಮಳೆಗಾಲದ ಆಟಿ ತಿಂಗಳ ಒಂದು ಭಾನುವಾರ ಆ ಗದ್ದೆಯಲ್ಲಿ ಕೆಸರುಗದ್ದೆ ಆಟ ನಡೆಸುತ್ತಿತ್ತು. ಓಟ, ಹಗ್ಗಜಗ್ಗಾಟ, ಮಡಕೆ ಒಡೆಯುವುದು. ಬದಲಿಗೆ ಕ್ಲಬ್ಬಿನವರೇ ಮರುದಿನ ಅಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಟ್ಟು, ಮುಂದಿನ ನಾಲ್ಕು ಭಾನುವಾರ ಬಂದು ಕಳೆ ಕಿತ್ತು ಕೊಡುತ್ತಿದ್ದರು. ಕೆಲಸದವರು ಸಿಗದ ಈ ಕಾಲದಲ್ಲಿ ಆ ಗದ್ದೆ ಗದ್ದೆಯಾಗಿ ಉಳಿದದ್ದು ಆ ಒಪ್ಪಂದದಿಂದ. ಬೇಬಿಚ್ಚನ್ನರ ಮಕ್ಕಳೆಲ್ಲ ಮದುವೆಯಾಗಿ ದೂರ ಹೋದವರು. ಕ್ಲಬ್ಬಿನವರನ್ನು ಅವರು ‘ನನ್ನ ಮಕ್ಕಳು’ ಎಂದೇ ಹೇಳುತ್ತಿದ್ದರು.

ಹಿಂದಿನ ವರ್ಷ ಆಟದ ನಂತರ ಒಬ್ಬ ಹುಡುಗನಿಗೆ ಇಲಿಜ್ವರ ಬಂದು ಕಿಡ್ನಿಯವರೆಗೆ ಹೋಗಿ ಉಳಿದದ್ದೇ ಹೆಚ್ಚು. ಹಾಗಾಗಿ ಈ ಸಲ ನಮ್ಮ ವೈದ್ಯೆ ಡಾಕ್ಟರ್ ಶಾಲಿನಿಯವರು ಕೆಸರಿಗೆ ಇಳಿಯುವ ಎಲ್ಲರಿಗೂ ಮುಂಚಿತವಾಗಿ ಮಾತ್ರೆ ಕೊಡಿ ಎಂದರು. ವಾರಕ್ಕೊಮ್ಮೆ ಎರಡು. ಆಟಕ್ಕೆ ಮತ್ತು ನಾಲ್ಕು ಭಾನುವಾರದ ಕಳೆಗೆ ಒಟ್ಟು ಹತ್ತು ಮಾತ್ರೆ. ಹನ್ನೆರಡರ ಕೆಳಗಿನ ಮಕ್ಕಳಿಗೆ ಬೇಡ. ಹಂಚುವ ಕೆಲಸ ನನ್ನದು. ನಾನು ಹತ್ತು ಹತ್ತು ಮಾತ್ರೆಗಳನ್ನು ಕವರಿಗೆ ತುಂಬಿಸಿ, ಆಟಕ್ಕೆ ಆರು ದಿನ ಮೊದಲು, ಸೋಮವಾರ, ಕ್ಲಬ್ಬಿನ ಅಧ್ಯಕ್ಷ ಹರೀಶನ ಕೈಗೆ ಕೊಟ್ಟೆ. ಹರೀಶ ಎಲೆಕ್ಟ್ರಿಷಿಯನ್, ಕೆಲಸದಲ್ಲಿ ಚುರುಕು, ಸಂಜೆಯೊಳಗೆ ಮನೆಮನೆಗೆ ಮುಟ್ಟಿಸಿದ.

ಆಟದ ಭಾನುವಾರ ಮಳೆ ನಿಂತಿತು. ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಎಂದು ತುಳುವಿನಲ್ಲಿ ಒಂದು ಮಾತುಂಟು. ತೊಳೆದಿಟ್ಟಂಥ ಆಕಾಶ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಒಂದು ಮೋಡ ಅಡ್ಡ ಬರಲಿಲ್ಲ. ದೇವರು ಕಣ್ಣು ಬಿಟ್ಟ ಎಂದು ಎಲ್ಲರೂ ಖುಷಿಪಟ್ಟರು.

ಸೋಮವಾರ ನಾನು ಡ್ಯೂಟಿಗೆ ಹೋಗುವಾಗ ಜಗಲಿಯಲ್ಲಿ ಜನ. ಮೊದಲು ಒಳಗೆ ತಂದದ್ದು ಪೂರ್ಣಿಮಾಳನ್ನು. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಹೆಂಗಸರ ಹಗ್ಗಜಗ್ಗಾಟದ ನಾಯಕಿ. ಹೆಗಲು, ಮುಂಗೈಯ ಹಿಂಭಾಗ, ಪಾದದ ಮೇಲುಭಾಗ, ಮೂಗು ಎಲ್ಲ ಕೆಂಪು. ಹೆಗಲಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡ ಬೊಬ್ಬೆ. ಜ್ವರವೂ ಇತ್ತು. ಅವಳ ಹಿಂದೆ ಇನ್ನೂ ಹದಿನಾರು ಮಂದಿ. ಹರೀಶನ ಕುತ್ತಿಗೆಯೂ ಸುಟ್ಟಿತ್ತು, ಆದರೆ ಅವನು ತನ್ನದನ್ನು ಹೇಳಲಿಲ್ಲ. ಬೇಬಿಚ್ಚನ್ ಮೂರು ವಾರದ ಹಿಂದೆ ಗದ್ದೆಯ ಹುಣಿಯಲ್ಲಿ, ಅಂದರೆ ಬದುವಿನಲ್ಲಿ, ಪಂಪು ಬೆನ್ನಿಗೆ ಹಾಕಿ ಕಳೆನಾಶಕ ಬಿಟ್ಟದ್ದನ್ನು ನೋಡಿದವರಿದ್ದಾರೆ ಎಂದ. ಆ ವಿಷ ನೀರಿಗೆ ಇಳಿದಿದೆ, ಗೊತ್ತಿದ್ದೂ ಮಕ್ಕಳನ್ನು ಇಳಿಸಿದರು, ಬರೆಯಿರಿ ಎಂದ.

ನಾನು ಬರೆದೆ. ‘ರಾಸಾಯನಿಕ ತಾಗಿ ಸುಟ್ಟ ಗಾಯವೆಂಬ ಶಂಕೆ.’ ಹದಿನೇಳು ಸಲ ಅದನ್ನೇ ಬರೆದೆ. ಡಾಕ್ಟರ್ ಶಾಲಿನಿ ಆ ಬೆಳಿಗ್ಗೆ ಅಪಘಾತದ ಎರಡು ಕೇಸುಗಳಲ್ಲಿ ಮುಳುಗಿದ್ದವರು, ನಾನು ಬರೆದದ್ದಕ್ಕೆ ಸಹಿ ಹಾಕಿದರು. ಅಂಥ ಶಂಕೆ ಬರೆದ ಮೇಲೆ ಪೊಲೀಸರಿಗೆ ತಿಳಿಸುವುದು ನಿಯಮ. ಆ ಕಾಗದವನ್ನೂ ನಾನೇ ತುಂಬಿಸಿ ಕಳಿಸಿದೆ. ಜನರ ಮಾತಿಗೆ ಬೆಲೆ ಕೊಟ್ಟೆ ಎಂದು ಒಳಗೊಳಗೆ ಸಮಾಧಾನವೂ ಇತ್ತು.

ಮಧ್ಯಾಹ್ನ ಬೇಬಿಚ್ಚನ್ ತಾವೇ ಬಂದರು. ಒಂದು ಗೊನೆ ಬಾಳೆಹಣ್ಣು ತಂದಿದ್ದರು. ಹರೀಶನೂ ಇನ್ನಿಬ್ಬರೂ ವಾರ್ಡಿನ ಬಾಗಿಲಿಗೆ ಅಡ್ಡ ನಿಂತು ಒಳಗೆ ಬಿಡಲಿಲ್ಲ. ಬೇಬಿಚ್ಚನ್ ಜಗಳ ಮಾಡಲಿಲ್ಲ. ಗೊನೆಯನ್ನು ಜಗಲಿಯ ಮೂಲೆಯಲ್ಲಿಟ್ಟು ನನ್ನ ಹತ್ತಿರ ಬಂದು, ಯಾರಿಗೆ ಹೆಚ್ಚು ಎಂದು ಕೇಳಿದರು. ಹೇಳಿದೆ. ಆಮೇಲೆ ಅವರು, ನಾನು ಕೇಳದಿದ್ದರೂ, ಮದ್ದು ಬಿಟ್ಟದ್ದು ಹೌದು ಎಂದರು. ಹುಣಿಗೆ ಮಾತ್ರ, ಗದ್ದೆಗಲ್ಲ, ಮತ್ತೆ ಎಷ್ಟು ಮಳೆ ಬಂದಿದೆ, ಆದರೂ ಹೇಳಲಿಕ್ಕಾಗುವುದಿಲ್ಲ ಎಂದು ತಮಗೆ ತಾವೇ ಲೆಕ್ಕ ಹಾಕಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಕಳ್ಳನಲ್ಲದವನೂ ಮುಟ್ಟಿ ನೋಡಿಕೊಳ್ಳುತ್ತಾನೆ ಎಂದು ನನಗೆ ಅಂದು ಹೊಳೆಯಲಿಲ್ಲ.

ಮಂಗಳವಾರ ಬೆಳಿಗ್ಗೆ ಪೂರ್ಣಿಮಾಳ ಗಾಯದ ಬಟ್ಟೆ ಬದಲಿಸುತ್ತಿದ್ದೆ. ಬೆಳಕು ಚೆನ್ನಾಗಿತ್ತು, ಗಡಿಬಿಡಿ ಇರಲಿಲ್ಲ. ಅವಳ ಹೆಗಲಲ್ಲಿ ಬನಿಯನಿನ ಪಟ್ಟಿ ಇದ್ದ ಕಡೆ ಗೆರೆ ಎಳೆದಂತೆ ಚರ್ಮ ಸರಿಯಾಗಿತ್ತು. ಅಂಗೈಗೆ ಏನೂ ಆಗಿರಲಿಲ್ಲ. ಸರದಿ ಬರುವವರೆಗೆ ಹುಣಿಯಲ್ಲಿ ಚಾಚಿಟ್ಟಿದ್ದ ಪಾದದ ಮೇಲೆ ಸುಟ್ಟಿತ್ತು, ಬೆರಳ ಸಂದು, ಅಂಗಾಲು ಹಾಗೇ ಇದ್ದವು. ವಿಷ ನೀರಿನಲ್ಲಿ ಇದ್ದಿದ್ದರೆ ಮೊದಲು ಬೇಯಬೇಕಾದ್ದು ಅಂಗಾಲು. ನಾನು ಹರೀಶನನ್ನು ಕರೆದು ನೀನು ಗದ್ದೆಗೆ ಇಳಿದಿದ್ದೆಯಾ ಎಂದು ಕೇಳಿದೆ. ಇಲ್ಲ, ಇಡೀ ದಿನ ಹುಣಿಯ ಮೇಲೆ ನಿಂತು ಮೈಕಿನಲ್ಲಿ ಹೇಳುತ್ತಿದ್ದೆ, ಸಂಜೆ ಸ್ವಲ್ಪ ಕಾಲು ತೊಳೆದದ್ದು ಎಂದ. ಅವನ ಕುತ್ತಿಗೆ ಮತ್ತು ಮೈಕು ಹಿಡಿದ ಕೈಯ ಹಿಂಭಾಗ ಸುಟ್ಟಿತ್ತು. ಬೆಳಿಗ್ಗೆಯಿಂದ ಕೆಸರಿನಲ್ಲಿ ಉರುಳಾಡಿದ ಪ್ರೈಮರಿ ಶಾಲೆಯ ಮಕ್ಕಳಲ್ಲಿ ಒಬ್ಬರೂ ಆಸ್ಪತ್ರೆಗೆ ಬಂದಿರಲಿಲ್ಲ.

ಹಾಗಾದರೆ ಬಿಸಿಲು. ಆದರೆ ಬಿಸಿಲು ಎಲ್ಲರ ಮೇಲೂ ಬಿದ್ದಿತ್ತಲ್ಲ, ಮಕ್ಕಳನ್ನು ಯಾಕೆ ಬಿಟ್ಟಿತು ಎಂದು ಯೋಚಿಸುತ್ತ ನಿಂತಿದ್ದೆ. ಆಗ ಪೂರ್ಣಿಮಾ ತನ್ನ ಚೀಲದಿಂದ ಒಂದು ಕವರ್ ತೆಗೆದು, ಇದು ಖಾಲಿಯಾಯಿತು, ಇನ್ನು ನುಂಗಲಿಕ್ಕುಂಟಾ ಎಂದು ಕೇಳಿದಳು.

ಓದು ಬಾರದ ರೋಗಿಗಳಿಗಾಗಿ ನಾನು ಮಾತ್ರೆಯ ಕವರಿನ ಮೇಲೆ ಚಿತ್ರ ಬಿಡಿಸುತ್ತಿದ್ದೆ. ಬೆಳಿಗ್ಗೆ ನುಂಗುವುದಕ್ಕೆ ಒಂದು ಸೂರ್ಯ, ಸುತ್ತ ಎಂಟು ಕಿರಣ. ರಾತ್ರಿಯದಕ್ಕೆ ಒಂದು ಅರ್ಧಚಂದ್ರ. ಆ ಕವರಿನ ಮೇಲೆ ನನ್ನ ಸೂರ್ಯ, ನನ್ನ ಚಂದ್ರ. ಭಾನುವಾರ ಎರಡು ಎಂದು ಬರೆಯಬೇಕಾಗಿದ್ದ ಕಡೆ, ಮೂವತ್ತು ವರ್ಷದ ಅಭ್ಯಾಸದಿಂದ ಕೈ ತನ್ನಷ್ಟಕ್ಕೆ ಎಲ್ಲ ಕವರುಗಳ ಮೇಲೂ ಬೆಳಿಗ್ಗೆ ಒಂದು ರಾತ್ರಿ ಒಂದು ಎಂದು ಬಿಡಿಸಿತ್ತು. ಅವರು ಐದು ದಿನ ಬಿಡದೆ ನುಂಗಿದ್ದರು. ಐದು ವಾರದ ಮದ್ದು ಐದು ದಿನಕ್ಕೆ. ಆ ಮಾತ್ರೆ ಮೈಯಲ್ಲಿದ್ದರೆ ಚರ್ಮ ಬಿಸಿಲನ್ನು ತಡೆಯುವುದಿಲ್ಲ, ಮಾತ್ರೆ ಕೊಡದ ಮಕ್ಕಳನ್ನು ಬಿಸಿಲು ಬಿಟ್ಟದ್ದು ಅದಕ್ಕೇ. ಅದು ನನಗೆ ಗೊತ್ತಿದ್ದ ವಿಷಯ. ವಾರಕ್ಕೊಮ್ಮೆ ಎರಡಾದರೂ ಬಿಸಿಲು ಜಾಗ್ರತೆ ಎಂದು ಒಂದು ಮಾತು ಹೇಳಬೇಕಿತ್ತು. ಆಟಿಯಲ್ಲಿ ಎಂಥ ಬಿಸಿಲು ಎಂದು ಬಿಟ್ಟುಬಿಟ್ಟಿದ್ದೆ.

ಇನ್ನು ಬೇಡ ಎಂದು ಹೇಳಿ ಕವರನ್ನು ಜೇಬಿಗೆ ಹಾಕಿಕೊಂಡೆ. ನಾನು ಹೇಳಲು ಹೊರಟದ್ದು ಈ ಜೇಬಿನ ವಿಷಯವನ್ನೇ. ಹದಿನೇಳು ಮಂದಿಯ ಗಾಯ ಹತ್ತು ಹದಿನೈದು ದಿನದಲ್ಲಿ ಒಣಗುತ್ತದೆ, ಯಾರ ಜೀವಕ್ಕೂ ಭಯವಿಲ್ಲ, ಶಂಕೆ ಎಂದು ತಾನೆ ಬರೆದದ್ದು, ಪೊಲೀಸರು ಮಣ್ಣು ಪರೀಕ್ಷೆಗೆ ಕಳಿಸಿ ಏನೂ ಇಲ್ಲ ಎಂದು ಮುಚ್ಚುತ್ತಾರೆ ಎಂದೆಲ್ಲ ಯೋಚಿಸಿದೆ. ಹನ್ನೊಂದು ತಿಂಗಳು ಹೇಗೋ ಕಳೆದರೆ ಸಾಕು ಎನಿಸಿತು. ಇಡೀ ಒಂದು ದಿನ ನಾನು ಯಾರಿಗೂ ಹೇಳಲಿಲ್ಲ. ಹೆದರಿದ್ದೆ.

ಬುಧವಾರ ಬೆಳಿಗ್ಗೆ ಬೇಬಿಚ್ಚನ್ನರ ಊರಿನಿಂದ ಬಂದ ಆಶಾ ಕಾರ್ಯಕರ್ತೆ ಸುದ್ದಿ ಹೇಳಿದಳು. ನೇಜಿ ನೆಡಲು ಯಾರೂ ಹೋಗಿಲ್ಲ. ಅವರ ಮನೆಯ ಹಾಲು ಕೊಳ್ಳುತ್ತಿದ್ದ ಎರಡು ಮನೆಯವರು ಬೇಡ ಎಂದರಂತೆ. ಸ್ಟೇಶನಿಗೆ ಕರೆದಾಗ ಅವರು, ತಪ್ಪು ನನ್ನದೇ ಇರಬೇಕು, ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದರಂತೆ. ಪೊಲೀಸರೇ ಗಾಬರಿಯಾಗಿ, ಮಣ್ಣಿನ ವರದಿ ಬರಲಿ ಎಂದು ಮನೆಗೆ ಕಳಿಸಿದರಂತೆ.

ನಾನು ಡಾಕ್ಟರ್ ಶಾಲಿನಿಯವರ ಮೇಜಿನ ಮೇಲೆ ಕವರನ್ನು ಇಟ್ಟೆ. ಅವರು ಪುತ್ತೂರಿನವರು, ಸಿಟ್ಟು ಮೂಗಿನ ತುದಿಯಲ್ಲಿರುವವರು. ಬೈಗಳಿಗೆ ತಯಾರಾಗಿಯೇ ನಿಂತಿದ್ದೆ. ಅವರು ಕವರನ್ನು ಎತ್ತಿ ಆ ಸೂರ್ಯನನ್ನು ನೋಡಿದರು.

“ಇದು ಯಾವಾಗ ಸಿಕ್ಕಿದ್ದು?”

“ನಿನ್ನೆ ಬೆಳಿಗ್ಗೆ.”

“ಮಾತ್ರೆ ತಪ್ಪಿದ್ದು ಯಾರಿಂದಲೂ ಆಗ್ತದೆ ಇಬ್ರಾಹಿಂ. ನಿನ್ನೆಯಿಂದ ಇವತ್ತಿನವರೆಗೆ ನಿಮ್ಮ ಜೇಬಿನಲ್ಲಿದ್ದದ್ದು ತಪ್ಪಿ ಆದದ್ದಲ್ಲ.”

ಅದಕ್ಕಿಂತ ದೊಡ್ಡ ಬೈಗಳನ್ನು ನಾನು ಸರ್ವಿಸಿನಲ್ಲಿ ಕೇಳಿಲ್ಲ. ಆಮೇಲೆ ಅವರು, ನಾನೂ ಓದದೆ ಸಹಿ ಹಾಕಿದವಳು ಎಂದು ರಿಜಿಸ್ಟರ್ ತರಿಸಿದರು. ಆ ಪುಸ್ತಕದಲ್ಲಿ ಅಳಿಸುವ ಹಾಗಿಲ್ಲ. ತಪ್ಪಿದ್ದರ ಮೇಲೆ ಒಂದೇ ಗೆರೆ ಎಳೆದು, ಕೆಳಗಿನದು ಓದಲು ಸಿಗುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಹದಿನೇಳು ಗೆರೆ ಎಳೆದೆ. ‘ತಪ್ಪು ಪ್ರಮಾಣದ ಮಾತ್ರೆಯಿಂದಾಗಿ ಬಿಸಿಲಿಗೆ ಸುಟ್ಟ ಗಾಯ’ ಎಂದು ಬರೆದೆ, ಕವರಿನ ಮೇಲೆ ಪ್ರಮಾಣ ಗುರುತಿಸಿದವನು ನಾನು ಎಂದೂ ಬರೆದೆ. ಇಬ್ಬರೂ ಸಹಿ ಹಾಕಿದೆವು. ಪೊಲೀಸರಿಗೆ ಹೊಸ ಕಾಗದ ಹೋಯಿತು. ಮುಂದೆ ನನಗೆ ಮೆಮೊ ಬಂತು, ವಿಚಾರಣೆಯೂ ನಡೆಯಿತು. ಬರಬೇಕಾದ್ದೇ ಬಂತು, ಅದರ ಬಗ್ಗೆ ನನ್ನ ದೂರಿಲ್ಲ.

ವಾರ್ಡಿಗೆ ಹೋಗಿ ಎಲ್ಲರ ಎದುರು ಹೇಳಿದೆ. ಪೂರ್ಣಿಮಾ ಬೊಬ್ಬೆ ಎದ್ದ ಕೈಯನ್ನು ತಿರುಗಿಸಿ ನೋಡಿಕೊಂಡು, ನಿಮ್ಮ ಸೂರ್ಯ ಚಂದ ಇತ್ತು ಬ್ರದರೇ, ನಾನು ಕವರ್ ಬಿಸಾಡದೆ ಇಟ್ಟದ್ದು ಅದಕ್ಕೇ ಎಂದಳು. ಹರೀಶ ಮಾತ್ರ ಗೋಡೆಗೆ ಒರಗಿ ನಿಂತವನು ತಲೆ ಎತ್ತಲಿಲ್ಲ.

“ನಾವು ಅವರ ಗೇಟಿನ ಹತ್ತಿರ ನಿಂತು ಎಂತೆಲ್ಲ ಹೇಳಿ ಬಂದಿದ್ದೇವೆ, ನಿಮಗೆ ಗೊತ್ತುಂಟಾ ಬ್ರದರೇ?” ಎಂದು ಕೇಳಿದ.

ಆ ಸಂಜೆ ನಾವಿಬ್ಬರೂ ಬೇಬಿಚ್ಚನ್ನರ ಮನೆಗೆ ಹೋದೆವು. ನಾನು ಅವರ ಭಾಷೆಯಲ್ಲಿ, ನನ್ನ ಭಾಷೆಯಲ್ಲಿ, ಕನ್ನಡದಲ್ಲಿ, ತಿಳಿದ ಎಲ್ಲ ಬಗೆಯಲ್ಲಿ ವಿವರಿಸಿದೆ. ಅಂಗಾಲಿನ ವಿಷಯ, ಮೈಕಿನ ವಿಷಯ, ಮಕ್ಕಳ ವಿಷಯ. ಹರೀಶ ಕಾಲಿಗೆ ಬೀಳಲು ಹೋದ, ಅವರು ಹಿಡಿದು ಎಬ್ಬಿಸಿ ಕಾಫಿ ಕೊಡಿಸಿದರು. ಎಲ್ಲ ಕೇಳಿ ಆದ ಮೇಲೆ ನನ್ನ ಬೆನ್ನಿನ ಮೇಲೆ ಕೈಯಿಟ್ಟು, ನೀವು ಒಳ್ಳೆಯ ಮನುಷ್ಯ, ನನ್ನನ್ನು ಉಳಿಸಲಿಕ್ಕೆ ನಿಮ್ಮ ತಲೆಗೆ ಹಾಕಿಕೊಂಡಿದ್ದೀರಿ ಎಂದರು. ಅಲ್ಲ ಎಂದು ಎಷ್ಟು ಹೇಳಿದರೂ ನಕ್ಕರು. ಸ್ವಲ್ಪ ದಿನಕ್ಕೆ ಮಣ್ಣಿನ ವರದಿ ಬಂತು, ಅದರಲ್ಲಿ ವಿಷದ ಗುರುತು ಇರಲಿಲ್ಲ. ಕಾಗದದಲ್ಲಿ ಎಂತ ಬೇಕಾದರೂ ಬರೆಯುತ್ತಾರೆ ಎಂದು ಬೇಬಿಚ್ಚನ್ ಹೇಳಿದರಂತೆ. ನಾನೇ ಹದಿನೇಳು ಸಲ ಬರೆದು ತೋರಿಸಿದ್ದೆನಲ್ಲ.

ಆ ವರ್ಷ ಗದ್ದೆಗೆ ಯಾರೂ ಇಳಿಯಲಿಲ್ಲ. ನೇಜಿ ಬೆಳೆದು ಹಳದಿಯಾಗಿ ಒಣಗಿತು. ಕ್ಲಬ್ಬಿನವರು ಎರಡು ಸಲ ಹೋಗಿ ಬೇಡಿಕೊಂಡರೂ, ಮಕ್ಕಳ ಮೈ, ಇನ್ನೊಮ್ಮೆ ನೋಡಲಿಕ್ಕೆ ನನ್ನಿಂದಾಗದು ಎಂದು ಕಳಿಸಿದರು. ಹಾಲು ಕೊಳ್ಳುವವರು ವಾಪಸು ಬಂದರು, ಸ್ಟೇಶನಿನ ಫೈಲು ಮುಚ್ಚಿತು, ಎಲ್ಲರ ಗಾಯ ವಾಸಿಯಾಯಿತು. ಪೂರ್ಣಿಮಾಳ ಹೆಗಲಲ್ಲಿ ಒಂದು ಕಪ್ಪು ಕಲೆ ಮಾತ್ರ ಉಳಿಯಿತು. ಇತ್ತ ಬೇಬಿಚ್ಚನ್ ತಮ್ಮದೇ ಗದ್ದೆಯ ಹುಣಿಯಲ್ಲಿ ಗಂಬೂಟು ಹಾಕಿಕೊಂಡು ನಡೆಯಲು ಶುರು ಮಾಡಿದರು.

ನಾನು ನಿವೃತ್ತನಾದ ಮರುತಿಂಗಳು ಮತ್ತೆ ಆಟಿ. ಒಂದು ದಿನ ಮಳೆ ಬಿಟ್ಟು ಬಿಸಿಲು ಬಂತು. ಕುಂಬ್ರದಿಂದ ಬಸ್ಸು ಹತ್ತಿದೆ. ಬೇಬಿಚ್ಚನ್ ತೊಟ್ಟಿಯ ಹತ್ತಿರ ದನ ತೊಳೆಯುತ್ತಿದ್ದರು. ನಾನು ಚಪ್ಪಲಿ ಬಿಟ್ಟು, ಅಂಗಿ ಬಿಚ್ಚಿ ಹುಣಿಯ ಮೇಲಿಟ್ಟು, ಪ್ಯಾಂಟು ಮಡಚಿ ಗದ್ದೆಗೆ ಇಳಿದೆ. ಅವರು ಓಡಿ ಬಂದು ಬೇಡ ಬ್ರದರೇ ಎಂದು ಕೈ ಬೀಸಿದರು. ನಾನು ಕೆಸರು ತೆಗೆದು ಎದೆಗೆ, ತೋಳಿಗೆ ಹಚ್ಚಿಕೊಂಡೆ. ಹತ್ತು ಗಂಟೆಯಿಂದ ಒಂದೂವರೆಯವರೆಗೆ ಅಲ್ಲೇ ನಿಂತೆ, ಕಾಲು ನೋಯುವಾಗ ಕೆಸರಿನಲ್ಲೇ ಕುಳಿತೆ. ಮಾತ್ರೆ ನುಂಗದೆ ಕೆಸರಿಗೆ ಇಳಿಯಬೇಡಿ ಎಂದು ಊರಿಗೆಲ್ಲ ಹೇಳಿದವನು ನುಂಗದೆ ಇಳಿದಿದ್ದೆ. ನೀವು ಹಾಗೆ ಮಾಡಬೇಡಿ, ಆ ಮಾತ್ರೆ ಎಷ್ಟೋ ಜೀವ ಉಳಿಸಿದೆ. ಬೇಬಿಚ್ಚನ್ ಮೊದಲು ಬೈದರು, ಆಮೇಲೆ ಕೊಡೆ ಹಿಡಿದು ಹುಣಿಯಲ್ಲಿ ಕುಳಿತರು. ನನ್ನ ಮೇಲೆ ಕೊಡೆ ಹಿಡಿಯಲು ಬಂದಾಗ ಬೇಡ ಎಂದೆ.

ಮರುದಿನ ಬೆಳಿಗ್ಗೆ ಪುನಃ ಹೋಗಿ ಅವರ ಜಗಲಿಯಲ್ಲಿ ಕುಳಿತು ಕಾಲು ಚಾಚಿದೆ. ಅವರು ಕನ್ನಡಕ ತಂದು ಹಾಕಿಕೊಂಡರು. ನನ್ನ ಎರಡು ತೋಳು, ಎದೆ, ಹೆಗಲು ನೋಡಿದರು. ದನದ ಗೊರಸು ನೋಡುವ ಹಾಗೆ ಪಾದವನ್ನು ಎತ್ತಿ ಬೆರಳ ಸಂದುಗಳನ್ನು ಬಿಡಿಸಿ ನೋಡಿದರು. ಒಂದು ಗುಳ್ಳೆ ಇರಲಿಲ್ಲ. ನನ್ನ ಕಾಲನ್ನು ಮೆಲ್ಲಗೆ ಕೆಳಗಿಟ್ಟು, ಮೆಟ್ಟಿಲಿನ ಮೇಲೆ ಕುಳಿತು ಅಳತೊಡಗಿದರು. ಒಂದು ವರ್ಷದಿಂದ ಆ ಮನುಷ್ಯ ಯಾವ ಭಾರ ಹೊತ್ತಿದ್ದ ಎಂದು ನನಗೆ ಆಗ ತಿಳಿಯಿತು. ನನಗೂ ತಡೆಯಲಾಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು ಗಂಬೂಟು ಕಳಚಿ ಗೋಡೆಗೆ ಒರಗಿಸಿ, ಬರಿಗಾಲಿನಲ್ಲಿ ಗದ್ದೆಯತ್ತ ನಡೆದರು. ನಾನು ಹಿಂದೆ ಹೋದೆ. ಹುಣಿಯ ಅಂಚಿನಲ್ಲಿ ಒಂದು ಗಳಿಗೆ ನಿಂತು ಇಳಿದರು. ಕೆಸರು ಮೊಣಕಾಲಿಗೆ ಬಂದಾಗ ನನ್ನ ಕಡೆ ತಿರುಗಿದರು.

“ಹರೀಶನಿಗೆ ಒಂದು ಫೋನ್ ಮಾಡಿ. ಈ ಸಲ ನನ್ನಲ್ಲಿ ನೇಜಿ ಇಲ್ಲ, ಎಲ್ಲಿಂದಾದರೂ ತರ್ಲಿಕ್ಕೆ ಹೇಳಿ.”